ನೋವು ಹೋಯಿತು, ಹರಳು ಹೋಗಲಿಲ್ಲ

ಹಲ್ಲಿಯ ಹಿಕ್ಕೆ ನೋಡಿದ್ದೀರಲ್ಲ? ಕಪ್ಪು ಕಡ್ಡಿ, ತುದಿಗೆ ಒಂದು ಬಿಳಿ ಚುಕ್ಕೆ. ಆ ಬಿಳಿಯದ್ದೇ ಯೂರಿಕ್ ಆಮ್ಲ. ನಮ್ಮ ದೇಹದಲ್ಲೂ ಅದು ದಿನಾ ತಯಾರಾಗುತ್ತದೆ. ಜೀವಕೋಶಗಳಲ್ಲಿಯೂ ಆಹಾರದಲ್ಲಿಯೂ ಇರುವ ಪ್ಯೂರಿನ್ ಎಂಬ ವಸ್ತು ಒಡೆದಾಗ ಉಳಿಯುವುದು ಇದೇ. ದನ, ಇಲಿಗಳಲ್ಲಿ ಇದನ್ನು ಮತ್ತೂ ಒಡೆಯುವ ಕಿಣ್ವ ಉಂಟು, ಮನುಷ್ಯರಿಗಿಲ್ಲ. ಹಾಗಾಗಿ ಹೆಚ್ಚಿನ ಪಾಲನ್ನು ಮೂತ್ರಪಿಂಡಗಳೇ ಹೊರಗೆ ಹಾಕಬೇಕು.

ಅವು ಸಾಕಷ್ಟು ಹಾಕದಿದ್ದರೆ? ಬಿಸಿನೀರಿನಲ್ಲಿ ತುಂಬಾ ಸಕ್ಕರೆ ಕರಗಿಸಿ ತಣಿಯಲು ಬಿಟ್ಟರೆ ಹರಳು ಕಟ್ಟುತ್ತದಲ್ಲ, ಅದೇ ಕಥೆ. 100 ಮಿಲಿಲೀಟರ್ ರಕ್ತದಲ್ಲಿ ಯೂರಿಕ್ ಆಮ್ಲ ಸುಮಾರು 6.8 ಮಿಲಿಗ್ರಾಂ ದಾಟಿತೆಂದರೆ ಹರಳಾಗುವ ಸಾಧ್ಯತೆ ಶುರು. ಎಲ್ಲರಿಗೂ ಆಗುತ್ತದೆಂದಲ್ಲ. ಆದವರಿಗೆ ಹೆಚ್ಚಾಗಿ ಮೊದಲು ಆಗುವುದು ಕಾಲಿನ ಹೆಬ್ಬೆರಳಿನ ಬುಡದಲ್ಲಿ. ದೇಹದ ತಣ್ಣಗಿನ ತುದಿ ಅದು.

ಒಂದು ರಾತ್ರಿ ಅಜ್ಜನೋ ಮಾವನೋ ನಿದ್ದೆಯಿಂದ ಎದ್ದು ಬೊಬ್ಬೆ ಹಾಕುತ್ತಾರೆ. ಹೆಬ್ಬೆರಳು ಕೆಂಪಗೆ ಊದಿ, ಮುಟ್ಟಿದರೆ ಬಿಸಿ. ಹೊದಿಕೆ ತಾಗಿದರೂ ತಡೆಯಲಾಗದು. ಎಲ್ಲೂ ಪೆಟ್ಟಾಗಿಲ್ಲ! ಹರಳುಗಳ ಮೇಲೆ ಬಿಳಿರಕ್ತಕಣಗಳು ಮುಗಿಬಿದ್ದದ್ದರಿಂದ ಬಂದ ಉರಿಯೂತ ಇದು. ಒಂದು ದಿನದೊಳಗೆ ನೋವು ತುತ್ತತುದಿಗೆ ಹೋಗುತ್ತದೆ. ಉಳುಕಿರಬೇಕು ಎಂದು ಎಣ್ಣೆ ಹಾಕಿ ತಿಕ್ಕಲು ಹೋಗಬೇಡಿ. ಜೊತೆಗೆ ಜ್ವರವೂ ಇದ್ದರೆ ಕೀಲಿಗೆ ಸೋಂಕು ತಗಲಿರಲೂಬಹುದು, ಅದೇ ದಿನ ಡಾಕ್ಟರರಲ್ಲಿಗೆ ಹೋಗಬೇಕು.

ಮೋಸ ಇರುವುದು ಇನ್ನು ಮುಂದೆ. ಏನೂ ಮಾಡದಿದ್ದರೂ ಒಂದೆರಡು ವಾರದಲ್ಲಿ ನೋವು ತಾನಾಗಿ ಇಳಿಯುತ್ತದೆ. "ಗುಣ ಆಯ್ತು" ಅನ್ನುತ್ತಾರೆ. ಆದರೆ ಹರಳು ಕೀಲಿನಲ್ಲೇ ಕೂತಿರುತ್ತದೆ. ತಿಂಗಳುಗಳೋ ವರ್ಷಗಳೋ ಕಳೆದು ಮತ್ತೊಂದು ರಾತ್ರಿ ಬರುತ್ತದೆ. ಬರಬರುತ್ತಾ ನಡುವಿನ ಬಿಡುವು ಕಮ್ಮಿ, ಕೀಲುಗಳು ಜಾಸ್ತಿ: ಪಾದ, ಮೊಣಕಾಲು, ಬೆರಳು. ಹೀಗೇ ಹತ್ತಾರು ವರ್ಷ ಬಿಟ್ಟರೆ ಕಿವಿಯ ಅಂಚಿನಲ್ಲಿ, ಮೊಣಕೈಯಲ್ಲಿ ಸುಣ್ಣದಂಥ ಬಿಳಿ ಗಂಟು ಕಟ್ಟುತ್ತದೆ, ಒಳಗೆ ಮೂಳೆ ಸವೆಯುತ್ತದೆ. ಕೆಲವರಿಗೆ ಮೂತ್ರಪಿಂಡದಲ್ಲಿ ಕಲ್ಲೂ ಆಗುತ್ತದೆ.

1848ರಲ್ಲಿ ಲಂಡನ್ನಿನ ವೈದ್ಯ ಆಲ್ಫ್ರೆಡ್ ಗ್ಯಾರೋಡ್ ಗೌಟ್ ರೋಗಿಗಳ ರಕ್ತದಲ್ಲಿ ಯೂರಿಕ್ ಆಮ್ಲ ಹೆಚ್ಚಿರುವುದನ್ನು ತೋರಿಸಿದರು. ಮುಂದೆ ಅವರು ಮಾಡಿದ ಪರೀಕ್ಷೆ ಬಲು ಚೆಂದ: ರಕ್ತದ ತಿಳಿಗೆ ತುಸು ಅಸಿಟಿಕ್ ಆಮ್ಲ ಬೆರೆಸಿ ಒಂದು ನೂಲೆಳೆ ಹಾಕಿಟ್ಟರೆ, ಎಳೆಯ ಮೇಲೆ ಹರಳು! (ನೀವು ಸಕ್ಕರೆ ಪಾಕಕ್ಕೆ ನೂಲು ಇಳಿಬಿಟ್ಟು ನೋಡಿ, ಅಷ್ಟು ಸಾಕು.)

ಬೂತಾಯಿ ಮೀನು, ಲಿವರ್, ಬಿಯರ್ ಇದನ್ನು ಹೆಚ್ಚಿಸುವುದು ನಿಜ. ಆದರೆ "ತಿಂದದ್ದಕ್ಕೇ ಬಂತು" ಎಂದು ಅಜ್ಜನನ್ನು ಬೈಯುವುದು ನ್ಯಾಯವಲ್ಲ. ಆನುವಂಶಿಕತೆ, ಮೂತ್ರಪಿಂಡಗಳ ಪಾಲೇ ದೊಡ್ಡದು. ಮದ್ದಿನಲ್ಲೂ ಎರಡು ಬಗೆ. ಒಂದು ಆ ಹೊತ್ತಿನ ನೋವಿಗೆ. ಇನ್ನೊಂದು ಯೂರಿಕ್ ಆಮ್ಲವನ್ನು 6ರ ಕೆಳಗೆ ಇಳಿಸಿ ಹಳೇ ಹರಳನ್ನು ನಿಧಾನವಾಗಿ ಕರಗಿಸಲು. ಇದನ್ನು ನೋವಿಲ್ಲದ ದಿನವೂ ನುಂಗಬೇಕು, ವರ್ಷಗಟ್ಟಲೆ. ಜನ ಬಿಟ್ಟುಬಿಡುವುದು ಇದನ್ನೇ. ಮತ್ತೊಂದು ಮಾತು: ನೋವು ಜೋರಿರುವಾಗ ರಕ್ತದಲ್ಲಿ ಯೂರಿಕ್ ಆಮ್ಲ ಸರಿಯಾಗಿಯೇ ಕಾಣಬಹುದು. ಆಗ ನೋವಿಳಿದು ಎರಡು ವಾರವಾದ ಮೇಲೆ ಇನ್ನೊಮ್ಮೆ ಪರೀಕ್ಷೆ ಮಾಡಿಸಬೇಕಾಗುತ್ತದೆ.