ಕೈಗೆಲಸಕ್ಕೊಂದು ಮೇಜು

ಮೇಜು ಎಂಬ ಮಾತು ಪಾರಸಿಯ ಕಡೆಯದು. ಕುರ್ಚಿ ಅರಬ್ಬಿಯ ಮೂಲದ್ದು. ಅಚ್ಚಗನ್ನಡದಲ್ಲಿ ಇವೆರಡಕ್ಕೂ ಸಮೀಪದ ಪದವೆಂದರೆ ಮಣೆ. ಕೂರುವ ಮಣೆ, ಈಳಿಗೆಮಣೆ, ತುರಿಯುವ ಮಣೆ, ಲಟ್ಟಿಸುವ ಮಣೆ, ಎಲ್ಲವೂ ನೆಲವನ್ನು ನಂಬಿದವು. ನಮ್ಮ ಕಸುಬುಗಳು ಬಹುಮಟ್ಟಿಗೆ ನೆಲದ ಮೇಲೆಯೇ ನಡೆದು ಬಂದವು ಎಂಬುದಕ್ಕೆ ಈ ಪದಗಳೇ ಸಾಕ್ಷಿ. ಸಾಗರ ಸೊರಬಗಳ ಗುಡಿಗಾರರು ಗಂಧದ ಕೊರಡನ್ನು ಮುಂದಿಟ್ಟುಕೊಂಡು ನೆಲದ ಮೇಲೆ ಕುಳಿತೇ ಕೆತ್ತಿದವರು. ಊರಿನ ಹಳೆಯ ಬಡಗಿ ಹಲಗೆಯನ್ನು ಕಾಲಿನಿಂದ ಒತ್ತಿಹಿಡಿದು ಉಳಿಯಾಡಿಸುವುದನ್ನು ವಾಚಕರು ನೋಡಿಯೇ ಇರುತ್ತೀರಿ. ಅವನ ಪಾದಗಳೇ ಅವನ ಇಕ್ಕಳ.

ಹಾಗಿದ್ದಮೇಲೆ, ರಜಾದಿನಗಳಲ್ಲಿ ಒಂದು ಗೂಡನ್ನೋ ಪುಸ್ತಕದ ಹಲಗೆಯನ್ನೋ ಮಾಡಿಕೊಳ್ಳುವ ನಮ್ಮಂಥವರಿಗೆ ಮೇಜೇಕೆ ಎಂದು ಕೇಳಬಹುದು. ಬಡಗಿಯ ಪಾದಕ್ಕೆ ಬಾಲ್ಯದಿಂದ ಬಂದ ಅಭ್ಯಾಸವಿದೆ. ನಾವೋ, ಹಗಲೆಲ್ಲ ಕುರ್ಚಿಯ ಮೇಲೆ ಕುಳಿತು ಮಂಡಿಯನ್ನು ಬಿಗಿಮಾಡಿಕೊಂಡವರು. ನಮ್ಮ ಪಾದ ಮಾಡಲಾರದ ಕೆಲಸವನ್ನು ಮೇಜು ಮಾಡಬೇಕು. ಎಂದರೆ ಅದು ಮರವನ್ನು ಹಿಡಿದುಕೊಳ್ಳಬೇಕು, ತಾನು ಅಲುಗಬಾರದು, ಮೈಗೆ ಒಪ್ಪುವ ಎತ್ತರದಲ್ಲಿರಬೇಕು. ಇಷ್ಟು ಗುಣವಿದ್ದರೆ ಅದು ಕುರೂಪಿಯಾಗಿದ್ದರೂ ಚಿಂತೆಯಿಲ್ಲ. ಊಟದ ಮೇಜನ್ನು ಇದಕ್ಕೆ ಬಳಸುವವರಿದ್ದಾರೆ. ಮನೆಯೊಡತಿಯ ಆಕ್ಷೇಪಣೆಯನ್ನು ಬದಿಗಿಟ್ಟರೂ ಅದು ತಕ್ಕದ್ದಲ್ಲ. ಅದರ ಎತ್ತರ ಸುಮಾರು 30 ಅಂಗುಲ, ಕಾಲು ಸಣ್ಣ, ಮೈ ಹಗುರ. ಉಜ್ಜುಗೊರಡನ್ನು ಒಮ್ಮೆ ತಳ್ಳಿದರೆ ಮರದೊಡನೆ ಮೇಜೂ ಮುಂದಕ್ಕೆ ಹೊರಡುತ್ತದೆ.

ಎತ್ತರದ ಮಾತನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ನಾನು ಬಲ್ಲ ಒಂದು ಶಾಲೆಯಲ್ಲಿ ಮರಗೆಲಸದ ತರಗತಿಗೆ ದೊಡ್ಡವರ ಅಳತೆಯ ಮೇಜುಗಳನ್ನು ತರಿಸಿದ್ದರು. ಹನ್ನೆರಡು ಹದಿಮೂರು ವರ್ಷದ ಹುಡುಗರಿಗೆ ಅವು ಎದೆಯ ಹತ್ತಿರ ಬರುತ್ತಿದ್ದವು. ಹುಡುಗರು ಭುಜವನ್ನು ಕಿವಿಯವರೆಗೆ ಎತ್ತಿ, ತೋಳಿನ ಬಲವೊಂದರಿಂದಲೇ ಉಜ್ಜಬೇಕಾಗುತ್ತಿತ್ತು. ಹಲಗೆ ಒಂದು ಕಡೆ ತಗ್ಗು, ಒಂದು ಕಡೆ ಉಬ್ಬು. ಗಿಡ್ಡನಾಗಿದ್ದ ಒಬ್ಬ ಹುಡುಗನಿಗಂತೂ ‘ಇವನಿಗೆ ಕೈಗೆಲಸ ಬಾರದು’ ಎಂಬ ಹೆಸರೇ ನಿಂತುಹೋಗಿತ್ತು. ಅವನೂ ಅದನ್ನು ನಂಬಿಬಿಟ್ಟಿದ್ದ. ಮರುವರ್ಷ ಬಂದ ಕೈಗೆಲಸದ ಮೇಷ್ಟರು ಮಾತಾಡಲಿಲ್ಲ. ಹಳೆಯ ಬೆಂಚಿನ ಹಲಗೆಗಳನ್ನು ಜೋಡಿಸಿ, ಹುಡುಗರು ನಿಲ್ಲಲು ಆರಂಗುಲದ ಒಂದು ಜಗಲಿ ಮಾಡಿಸಿದರು, ಅಷ್ಟೆ. ಆ ಹುಡುಗ ಆ ವರ್ಷ ಮಾಡಿದ ಪೆಟ್ಟಿಗೆಯ ಮುಚ್ಚಳ ಎಲ್ಲಿಯೂ ಕಚ್ಚದೆ ಕೂರುತ್ತಿತ್ತು. ಬಾರದಿದ್ದುದು ಅವನ ಕೈಗಲ್ಲ.

ಉಜ್ಜುಗೊರಡಿನ ಕೆಲಸಕ್ಕೆ ಮೈಭಾರವೂ ಕೂಡಿಬರಬೇಕು. ನೆಟ್ಟಗೆ ನಿಂತು ತೋಳನ್ನು ಇಳಿಬಿಟ್ಟಾಗ ನೆಲದಿಂದ ಮಣಿಕಟ್ಟಿನ ಗೆರೆಯವರೆಗೆ ಎಷ್ಟಾಗುವುದೋ ಅದೇ ಮೇಜಿನ ಎತ್ತರ. ಐದೂವರೆ ಅಡಿ ಆಳಿಗೆ ಇದು ಸುಮಾರು 32 ರಿಂದ 33 ಅಂಗುಲ. ಗರಗಸದ ಕೆಲಸಕ್ಕೆ ಇದು ಹೆಚ್ಚಾಯಿತು. ಹಲಗೆಯ ಮೇಲೆ ಮಂಡಿಯೂರಿ ಕೊಯ್ಯುವುದಕ್ಕೆ ಮೊಣಕಾಲೆತ್ತರದ, ಎಂದರೆ 18 ರಿಂದ 20 ಅಂಗುಲದ, ಒಂದು ಗಟ್ಟಿ ಸ್ಟೂಲು ಉತ್ತಮ. ಗಡಿಯಾರ ಬಿಚ್ಚುವುದು, ರೇಡಿಯೋದ ತಂತಿ ಬೆಸೆಯುವುದು, ಸಣ್ಣ ಕೆತ್ತನೆ, ಇವಕ್ಕೆ ಕಣ್ಣು ಕೆಲಸದ ಹತ್ತಿರ ಬರಬೇಕು. ಇಲ್ಲವಾದರೆ ಅರ್ಧ ಗಂಟೆಯಲ್ಲಿ ಸೊಂಟ ದೂರು ಹೇಳುತ್ತದೆ. ಇದಕ್ಕೆಂದು ಬೇರೆ ಮೇಜು ಬೇಡ. ಏಳೆಂಟು ಅಂಗುಲ ಎತ್ತರದ ಭದ್ರವಾದ ಪೆಟ್ಟಿಗೆಯೊಂದನ್ನು ಅದೇ ಮೇಜಿನ ಮೇಲೆ ಕವುಚಿ ಹಾಕಿದರೆ ಮೊಣಕೈಯೆತ್ತರ ಸಿಕ್ಕಿತು.

ಇನ್ನು ಅಲುಗಾಟ. ನಾಲ್ಕು ಕಡ್ಡಿಗಳನ್ನು ಚೌಕವಾಗಿಟ್ಟು ಮೂಲೆಗೊಂದು ಗುಂಡುಸೂಜಿ ಚುಚ್ಚಿ ನೋಡಿ. ಬದಿಯಿಂದ ಒತ್ತಿದರೆ ವಾಲಿಬಿಡುತ್ತದೆ. ಮೂರು ಕಡ್ಡಿಗಳ ತ್ರಿಕೋನ ವಾಲುವುದಿಲ್ಲ. ಕಾಲಿಗೆ ಬರೀ ಮೊಳೆ ಹೊಡೆದ ಮೇಜು ಆ ಚೌಕವೇ. ಆದ್ದರಿಂದ ಹಿಂಬದಿಯ ಕಾಲುಗಳ ನಡುವೆ ಓರೆಯಾಗಿ ಒಂದು ಪಟ್ಟಿ ಕೊಡಿ, ಅಥವಾ ಒಂದು ಪ್ಲೈವುಡ್ ತುಂಡನ್ನು ಬಿಗಿಯಿರಿ, ಪಕ್ಕಗಳಿಗೂ ಹಾಗೆಯೇ. ಕಾಲು 3 ಅಂಗುಲ ಚೌಕಕ್ಕಿಂತ ಸಣ್ಣದಾಗದಿರಲಿ. ಅಡ್ಡಪಟ್ಟಿಯ ತುದಿಯನ್ನು ನಾಲಿಗೆಯಂತೆ ಕೊರೆದು ಕಾಲಿನ ತೂತಿನಲ್ಲಿ ಕೂರಿಸುವುದು ಶ್ರೇಷ್ಠ. ಅಷ್ಟು ಕೈಚಳಕವಿಲ್ಲದವರು ಬೋಲ್ಟು ನಟ್ಟು ಹಾಕಲಿ, ಲಜ್ಜೆಪಡಬೇಕಾದ್ದಿಲ್ಲ. ಬಾಡಿಗೆ ಮನೆಯವರಿಗೆ ಬೋಲ್ಟೇ ಮೇಲು. ಮನೆ ಬದಲಾಯಿಸುವಾಗ ಬಿಚ್ಚಿ ಗಾಡಿಗೆ ಹಾಕಬಹುದು. ಕೆಳಗಿನ ಅಡ್ಡಪಟ್ಟಿಗಳ ಮೇಲೆ ಹಲಗೆ ಹಾಸಿ ನಾಲ್ಕು ಸೈಜುಗಲ್ಲು ಹೇರಿದರೆ ಹಗುರ ಮೇಜಿಗೂ ಗಾಂಭೀರ್ಯ ಬರುತ್ತದೆ.

ಈ ಅಲುಗಾಟವನ್ನು ಕ್ಷುಲ್ಲಕವೆಂದು ಎಣಿಸಬಾರದು. ನಮ್ಮ ನೆರೆಯ ನಿವೃತ್ತ ಗುಮಾಸ್ತರೊಬ್ಬರು ಓಲಾಡುವ ಮೇಜಿನ ಮೇಲೆ ಹಲಗೆಯನ್ನು ಎಡಗೈಯಲ್ಲಿ ಹಿಡಿದು ಬಲಗೈಯಲ್ಲಿ ಉಳಿ ಒತ್ತಿದರು. ಮೇಜು ಸರಿಯಿತು, ಉಳಿ ಜಾರಿತು. ಅಂಗೈಗೆ ಐದು ಹೊಲಿಗೆ. ಉಳಿಯ ಮುಂದೆ ಕೈ ಇರಕೂಡದು, ಮರವನ್ನು ಮೇಜೇ ಹಿಡಿಯಬೇಕು.

ಹಿಡಿಯುವುದಕ್ಕೆ ಬೆಲೆಯುಳ್ಳ ವೈಸ್ ಮೊದಲೇ ಬೇಕೆಂದಿಲ್ಲ. ಮೇಜಿನ ಎಡತುದಿಯಲ್ಲಿ, ಹಕ್ಕಿ ಕೊಕ್ಕು ತೆರೆದಂತೆ ಕಚ್ಚು ಹಾಕಿದ ಒಂದು ಮರದ ತುಂಡನ್ನು ತಿರುಪುಮೊಳೆಯಿಂದ ಬಿಗಿದರೆ ಹಲಗೆ ಅದರೊಳಗೆ ಸಿಕ್ಕಿ ನಿಲ್ಲುತ್ತದೆ. ಪ್ಯಾರಿಸ್ಸಿನ ಬಡಗಿ ರೂಬೋ 1769 ರಲ್ಲಿ ಅಚ್ಚುಮಾಡಿಸಲು ತೊಡಗಿದ ಮರಗೆಲಸದ ಮಹಾಗ್ರಂಥದಲ್ಲಿ ಒಂದು ಮೇಜಿನ ಚಿತ್ರ ಕೊಟ್ಟಿದ್ದಾನೆ. ಅದರ ಮುಂಗಾಲುಗಳು ಮೇಲಿನ ಹಲಗೆಯ ಅಂಚಿಗೆ ಸಮವಾಗಿವೆ. ಕಾರಣ ಸರಳ: ಉದ್ದದ ಹಲಗೆಯನ್ನು ಅಂಚಿನ ಮೇಲೆ ನಿಲ್ಲಿಸಿದಾಗ ಕಾಲಿಗೂ ಒರಗಿಸಿ ಬಿಗಿಯಬಹುದು. ಅಲಂಕಾರಕ್ಕಾಗಿ ಹಲಗೆಯನ್ನು ನಾಲ್ಕಂಗುಲ ಮುಂದೆ ಚಾಚುವವರು ಈ ಸೌಕರ್ಯವನ್ನು ಕಳೆದುಕೊಳ್ಳುತ್ತಾರೆ.

ಮೇಲಿನ ಹಲಗೆ ನಾಲ್ಕೈದು ಅಡಿ ಉದ್ದ, ಎರಡಡಿ ಅಗಲ ಸಾಕು. ಗೋಡೆಗೆ ತಾಗಿಸಿದ ಮೇಜು ಇದಕ್ಕಿಂತ ಅಗಲವಾದರೆ ಹಿಂದಿನ ಅರ್ಧ ಬರೀ ಸಾಮಾನಿನ ಸಂತೆ. ಹಳೆಯ ಮನೆ ಕೆಡವುವಲ್ಲಿ ತೇಗ, ಹೊನ್ನೆ, ಮತ್ತಿಯ ತೊಲೆ ಬಾಗಿಲುಗಳು ಸಿಗುತ್ತವೆ. ಅವು ಒಣಗಿ ಪಳಗಿದ ಮರ; ಆದರೆ ಗರಗಸ ಹಾಕುವ ಮುನ್ನ ಹುದುಗಿದ ಮೊಳೆಗಳನ್ನು ಹುಡುಕಿ ಕೀಳಬೇಕು. ಮಾವು ಅಗ್ಗವೇನೋ ಹೌದು, ಹುಳುವಿಗೂ ಅಚ್ಚುಮೆಚ್ಚು. ಮುಕ್ಕಾಲಂಗುಲದ ಎರಡು ಪ್ಲೈವುಡ್ ಹಲಗೆಗಳನ್ನು ಅಂಟಿಸಿ ಒಂದು ಮಾಡಿದರೂ ನಡೆದೀತು. ದಿಟವಾದ ಮರವಾದರೆ ಒಂದು ಸೂಕ್ಷ್ಮವಿದೆ. ಮಳೆಗಾಲದಲ್ಲಿ ಹಲಗೆ ಅಗಲದಲ್ಲಿ ಹಿಗ್ಗುತ್ತದೆ, ಬೇಸಗೆಯಲ್ಲಿ ಕುಗ್ಗುತ್ತದೆ. ಉದ್ದದಲ್ಲಿ ವ್ಯತ್ಯಾಸ ಕಾಣದು. ಅದನ್ನು ಅಂಟುಹಾಕಿ ಕಟ್ಟಿಗೆ ಬಿಗಿದರೆ ಸೀಳಿಯೇ ತೀರುತ್ತದೆ. ತಿರುಪುಮೊಳೆಯ ತೂತನ್ನು ಅಗಲದ ದಿಕ್ಕಿಗೆ ಸ್ವಲ್ಪ ಉದ್ದವಾಗಿ ಕೊರೆದರೆ ಮರ ತನ್ನಷ್ಟಕ್ಕೆ ಸರಿದಾಡಿಕೊಳ್ಳುತ್ತದೆ.

ಕಿಟಕಿಯ ಬೆಳಕು ಎಡದಿಂದ ಬೀಳುವಂತೆ ಮೇಜನ್ನು ಇಡಿ. ಬಲಗೈಯ ನೆರಳು ಗೆರೆಯ ಮೇಲೆ ಬೀಳುವುದಿಲ್ಲ. ಮಣ್ಣುನೆಲದ ಕೊಟ್ಟಿಗೆಯಾದರೆ ಕಾಲುಗಳ ಕೆಳಗೆ ಕಲ್ಲಿನ ಬಿಲ್ಲೆಯಿರಲಿ. ಗೆದ್ದಲು ಮರೆಯಲ್ಲಿ ಏರಲಾರದು. ನೆಲ ಏರುತಗ್ಗಾಗಿದ್ದರೆ ಎತ್ತಿದ ಕಾಲಿನಡಿಗೆ ಸಣ್ಣ ಬೆಣೆ ಕೊಟ್ಟರಾಯಿತು.

ಕೊನೆಗೆ ಹಲಗೆಗೆ ಕಾಸಿದ ಅಗಸೆಯೆಣ್ಣೆಯನ್ನು ತೆಳುವಾಗಿ ಎರಡು ಸಲ ಸವರಿ. ನುಣುಪಿನ ವಾರ್ನಿಷ್ ಬೇಡ, ಕೆಲಸದ ಮರ ಜಾರುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದುರಿ ಮೂಲೆಗೆ ಎಸೆಯಬೇಡಿ. ಅಗಸೆಯೆಣ್ಣೆ ಒಣಗುವಾಗ ಕಾವು ಹುಟ್ಟುತ್ತದೆ. ಮುದ್ದೆಯಾದ ಬಟ್ಟೆಯಲ್ಲಿ ಆ ಕಾವು ಸೇರಿ ತಾನಾಗಿಯೇ ಬೆಂಕಿ ಹತ್ತಿಕೊಳ್ಳುವುದುಂಟು. ಅದನ್ನು ಹೊರಗೆ ತಂತಿಯ ಮೇಲೆ ಬಿಡಿಸಿ ಹರವಿ, ಗರಿಗರಿಯಾಗಿ ಒಣಗಿದ ಮೇಲೆ ಬಿಸಾಡಿ.