ಎರೆಮಣ್ಣಿನ ನಾಡಿನಿಂದ ಆಳಸಮುದ್ರದ ಅನಿಲದವರೆಗೆ

ಹುಬ್ಬಳ್ಳಿ–ಧಾರವಾಡದ ಮಳೆನೀರು ಎರಡು ಕಡಲುಗಳಿಗೆ ಹಂಚಿಹೋಗುತ್ತದೆ. ಧಾರವಾಡದ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆ ಪಶ್ಚಿಮಕ್ಕೆ ಇಳಿದು ಅರಬ್ಬೀ ಸಮುದ್ರದ ಪಾಲಾದರೆ, ಹುಬ್ಬಳ್ಳಿ, ನವಲಗುಂದ ಸೀಮೆಯ ಎರೆಮಣ್ಣನ್ನು ಹೊತ್ತ ಬೆಣ್ಣೆಹಳ್ಳ ಮಲಪ್ರಭೆಯನ್ನು ಕೂಡಿ, ಕೂಡಲಸಂಗಮದಲ್ಲಿ ಕೃಷ್ಣೆಯೊಳಗಾಗಿ ಬಂಗಾಳಕೊಲ್ಲಿಯ ದಾರಿ ಹಿಡಿಯುತ್ತದೆ. ಇಂದು ಆ ಹೂಳಿನ ಬಹುಪಾಲು ಅಣೆಕಟ್ಟುಗಳಲ್ಲೇ ತಂಗುತ್ತದೆ. ಆದರೆ ಅಣೆಕಟ್ಟುಗಳಿಲ್ಲದ ಲಕ್ಷಾಂತರ ವರ್ಷಗಳಲ್ಲಿ ದಖನ್ನಿನಿಂದ ಕೃಷ್ಣೆ, ಗೋದಾವರಿಗಳು ಸಾಗಿಸಿದ ಮರಳು, ಜೇಡಿಗಳೇ ಕೆ.ಜಿ. ಬೇಸಿನ್ ಎಂದು ಹೆಸರಾದ ಕೊಳ್ಳದ ಆಳಸಮುದ್ರ ನಿಕ್ಷೇಪಗಳನ್ನು ಕಟ್ಟಿದವು.

ನಿಕ್ಷೇಪವೆಂದರೆ ನೆಲದಡಿಯ ಕೆರೆಯಲ್ಲ. ಕಡಲಂಚಿನ ಇಳಿಜಾರಿನಲ್ಲಿ ಮಣ್ಣು ಬೆರೆತು ಭಾರವಾದ ನೀರು ರಭಸದಿಂದ ಜಾರುವಾಗ ಕಾಲುವೆಗಳನ್ನು ಕೊರೆಯುತ್ತದೆ, ವೇಗ ತಗ್ಗಿದಂತೆ ಒರಟು ಮರಳನ್ನು ಅವುಗಳಲ್ಲಿ ಬಿಟ್ಟು, ನಯವಾದ ಜೇಡಿಯನ್ನು ಅಕ್ಕಪಕ್ಕ ಹರಡುತ್ತದೆ. ಮರಳಿನ ಕಣಗಳ ನಡುವಣ ಸಂದುಗಳಲ್ಲಿ ಅನಿಲ ನಿಲ್ಲುತ್ತದೆ, ಮೇಲಿನ ಜೇಡಿ ಅದನ್ನು ತಡೆದಿಡುತ್ತದೆ. ಒಂದು ಕಾಲುವೆಯ ಮರಳು ಮತ್ತೊಂದಕ್ಕೆ ತಾಗಿದ್ದರೆ ಒಂದೇ ಬಾವಿ ದೂರದ ಅನಿಲವನ್ನೂ ಸೆಳೆಯಬಲ್ಲದು. ನಡುವೆ ಗೇಣುದ್ದದ ಜೇಡಿ ಪದರ ಅಡ್ಡಬಂದರೂ ಆಚೆಯದು ಆಚೆಗೇ ಉಳಿಯುತ್ತದೆ. ಕಂಪನ ತರಂಗಗಳನ್ನು ಹಾಯಿಸಿ ಪಡೆಯುವ ಭೂಗರ್ಭದ ಚಿತ್ರದಲ್ಲಿ ಕಾಲುವೆಗಳ ಬಾಗುಬಳುಕು ಕಾಣುತ್ತದಾದರೂ ಇಷ್ಟು ತೆಳುವಾದ ಅಡ್ಡಗೋಡೆಗಳು ಕಾಣುವುದಿಲ್ಲ.

ಕಾಕಿನಾಡ ಕರಾವಳಿಯಾಚೆ ಈ ಕೊಳ್ಳದ ಧೀರೂಭಾಯಿ–1 ಮತ್ತು 3 ನಿಕ್ಷೇಪಗಳನ್ನು ರಿಲಯನ್ಸ್ ಕಂಪನಿ 2002ರಲ್ಲಿ ಪತ್ತೆಮಾಡಿತು. ದಿನಕ್ಕೆ 8 ಕೋಟಿ ಘನ ಮೀಟರ್ ಅನಿಲ ತೆಗೆಯುವ ಯೋಜನೆಗೆ 2006ರಲ್ಲಿ ಒಪ್ಪಿಗೆ ಸಿಕ್ಕಿತು, 2009ರ ಏಪ್ರಿಲ್‌ನಲ್ಲಿ ಉತ್ಪಾದನೆ ಆರಂಭವಾಯಿತು. ಮರುವರ್ಷ 6 ಕೋಟಿಯ ಆಸುಪಾಸು ಮುಟ್ಟಿದ ಇಳುವರಿ ಅಲ್ಲಿಂದ ಇಳಿಮುಖವಾಯಿತು: ಒತ್ತಡ ಕುಸಿಯಿತು, ಬಾವಿಗಳಿಗೆ ನೀರು, ಮರಳು ನುಗ್ಗಿ ಒಂದೊಂದೇ ಮುಚ್ಚತೊಡಗಿದವು. ಕೊರೆದ ಬಾವಿಗಳೇ ಕಡಿಮೆ ಎಂದು ಸರ್ಕಾರ ವಾದಿಸಿದರೆ, ಭೂರಚನೆಯೇ ಎಣಿಕೆಗಿಂತ ಜಟಿಲವೆಂದು ಕಂಪನಿ ಹೇಳಿತು. ವಿವಾದ ಮಧ್ಯಸ್ಥಿಕೆಯ ಮೆಟ್ಟಿಲೇರಿತು. ಮೊದಲು ಸುಮಾರು 10 ಲಕ್ಷ ಕೋಟಿ ಘನ ಅಡಿ ಎಂದಿದ್ದ ಸಂಗ್ರಹದ ಅಂದಾಜು ಮೂರರ ಆಸುಪಾಸಿಗೆ ಇಳಿದದ್ದನ್ನು ನೋಡಿದರೆ, ನಕ್ಷೆಯ ಮಾತಿಗಿಂತ ಬಾವಿಯ ಒತ್ತಡದ ದಾಖಲೆಯನ್ನೇ ಹೆಚ್ಚು ನಂಬಬೇಕಿತ್ತು ಎನ್ನದೆ ವಿಧಿಯಿಲ್ಲ.

ಆ ಎರಡೂ ನಿಕ್ಷೇಪಗಳ ಉತ್ಪಾದನೆ 2020ರ ಫೆಬ್ರವರಿಯಲ್ಲಿ ನಿಂತಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ, ಎರಡು ಸಾವಿರ ಮೀಟರಿಗೂ ಹೆಚ್ಚು ಆಳದ ನೀರಿನಡಿಯ, ಅದೇ ಕೊಳ್ಳದ ಆರ್ ಕ್ಲಸ್ಟರ್ ಎಂಬ ನಿಕ್ಷೇಪದಿಂದ ಅನಿಲ ಹರಿಯಲಾರಂಭಿಸಿತು.