ಮುಚ್ಚಳ ತೆಗೆದರೆ ಏಳದ ಲ್ಯಾಪ್‌ಟಾಪ್

ಬೆಂಗಳೂರಿನ ಚಾಮರಾಜಪೇಟೆಯ ಡಿಟಿಪಿ ಅಂಗಡಿಗಳಲ್ಲಿ ಲ್ಯಾಪ್‌ಟಾಪನ್ನು ಶಟ್‌ಡೌನ್ ಮಾಡುವವರು ಕಡಿಮೆ. ಊಟಕ್ಕೆ ಹೊರಟರೆ ಮುಚ್ಚಳ ಮುಚ್ಚುತ್ತಾರೆ, ಬಂದು ತೆಗೆಯುತ್ತಾರೆ. ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ ಲಗ್ನಪತ್ರಿಕೆ, ಅರ್ಧ ಕರಡು ತಿದ್ದಿದ ಪುಸ್ತಕ ಎಲ್ಲವೂ ಇದ್ದಲ್ಲೇ ಇರಬೇಕು. ಒಂದು ದಿನ ಇರುವುದಿಲ್ಲ. ಪರದೆ ಕಪ್ಪಗೇ ಉಳಿದು ಫ್ಯಾನ್ ಮಾತ್ರ ತಿರುಗುತ್ತದೆ. ಇಲ್ಲವೇ ನೀಲಿ ಪರದೆ ಬಂದು ಯಂತ್ರ ತಾನಾಗಿ ರೀಸ್ಟಾರ್ಟ್ ಆಗುತ್ತದೆ. ಪದೇ ಪದೇ ಹೀಗಾದರೆ ಮುಂದಿನ ದಾರಿ ಎಸ್.ಪಿ. ರಸ್ತೆಯ ರಿಪೇರಿ ಅಂಗಡಿ.

‘ಫಾರ್ಮ್ಯಾಟ್ ಮಾಡಿಬಿಡೋಣ ಸಾರ್, ಸರಿಹೋಗುತ್ತೆ.’

ಅಲ್ಲಿನ ಹುಡುಗರ ಕೈಚಳಕದ ಬಗ್ಗೆ ನನಗೆ ಗೌರವವಿದೆ. ರ‍್ಯಾಮ್ ಬಿಚ್ಚಿ, ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಉಫ್ ಎಂದು ಊದಿ, ಟಕ್ಕೆಂದು ಕೂರಿಸಿದ ಮೇಲೆ ಸರಿಯಾದ ಯಂತ್ರಗಳು ಎಷ್ಟೋ. ಆದರೆ ನಿದ್ದೆಯಿಂದ ಏಳುವಾಗ ಮಾತ್ರ ಕೈಕೊಡುವ ಲ್ಯಾಪ್‌ಟಾಪಿಗೆ ಫಾರ್ಮ್ಯಾಟ್ ಮೊದಲ ಮದ್ದಲ್ಲ, ಕೊನೆಯದು.

ಸ್ಲೀಪ್ ಎಂದರೆ ಆಫ್ ಅಲ್ಲ. ‘ಎಸ್3’ ಎಂಬ ಹಳೆಯ ಬಗೆಯ ನಿದ್ದೆಯಲ್ಲಿ ರ‍್ಯಾಮ್‌ಗೆ ಕರೆಂಟ್ ಹರಿಯುತ್ತಿರುತ್ತದೆ. ಪ್ರೊಸೆಸರ್, ಗ್ರಾಫಿಕ್ಸ್ ಎಲ್ಲ ಬಂದ್. ಎಚ್ಚರವಾಗುವಾಗ ಪ್ರತಿಯೊಂದು ಡ್ರೈವರ್ ತನ್ನ ಪಾಲಿನ ಭಾಗವನ್ನು ಮತ್ತೆ ಸಜ್ಜುಗೊಳಿಸಬೇಕು. ಒಂದು ತಡವರಿಸಿದರೂ ಇಡೀ ಯಂತ್ರ ನಿಲ್ಲಬಹುದು. ‘ಡ್ರೈವರ್ ಪವರ್ ಸ್ಟೇಟ್ ಫೇಲ್ಯೂರ್’ ಎಂಬ ಸಂದೇಶ ಹೇಳುವುದು ಇದನ್ನೇ. ಈ ನಿದ್ದೆಯ ನಿಯಮಗಳನ್ನು ಇಂಟೆಲ್, ಮೈಕ್ರೋಸಾಫ್ಟ್, ತೋಷಿಬಾ ಸೇರಿ 1996ರಲ್ಲಿ ಹೊರತಂದವು. ಈಗಿನ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಎಸ್3 ಇಲ್ಲವೇ ಇಲ್ಲ, ‘ಮಾಡರ್ನ್ ಸ್ಟ್ಯಾಂಡ್‌ಬೈ’ ಇದೆ. ಅದು ಮೊಬೈಲಿನಂತೆ ಅರೆನಿದ್ದೆ. ಬ್ಯಾಗಿನಿಂದ ತೆಗೆದಾಗ ಲ್ಯಾಪ್‌ಟಾಪ್ ಸುಡುತ್ತಿದ್ದರೆ ಮೊದಲ ಅನುಮಾನ ಇದರ ಮೇಲೆ.

ವಿಂಡೋಸ್‌ನ ‘ರಿಲಯಬಿಲಿಟಿ ಮಾನಿಟರ್’ ತೆರೆದು ನೋಡಿ. ಯಾವ ದಿನ ಕ್ರ್ಯಾಶ್ ಆಯಿತೋ ಆ ದಿನಕ್ಕೆ ಕೆಂಪು ಗುರುತು; ಅದರ ಆಸುಪಾಸಿನಲ್ಲಿ ಬಂದ ಅಪ್‌ಡೇಟ್‌ಗಳೂ ಅಲ್ಲೇ ಕಾಣುತ್ತವೆ. ತೊಂದರೆ ಶುರುವಾಗುವ ಮುನ್ನ ಗ್ರಾಫಿಕ್ಸ್ ಡ್ರೈವರ್ ಬದಲಾಗಿದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ ‘ರೋಲ್ ಬ್ಯಾಕ್’ ಮಾಡಿ. ಇವೆಂಟ್ ವ್ಯೂವರ್‌ನಲ್ಲಿ ‘ಕರ್ನಲ್ ಪವರ್ 41’ ಕಂಡು ಬ್ಯಾಟರಿಯೇ ಹೋಯಿತೆಂದು ಹೆದರುವವರಿದ್ದಾರೆ. ಸರಿಯಾಗಿ ಶಟ್‌ಡೌನ್ ಆಗದೆ ಯಂತ್ರ ಮತ್ತೆ ಶುರುವಾಯಿತು ಎಂಬುದಷ್ಟೇ ಅದರ ಅರ್ಥ. ಏಕೆ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ.

ಎಷ್ಟು ಹೊತ್ತು ಮುಚ್ಚಿಟ್ಟಾಗ ಕೈಕೊಡುತ್ತದೆ ಎಂಬುದೂ ಮುಖ್ಯ. ಕಾಫಿಗೆ ಹೋಗಿ ಬಂದಾಗ ಸರಿಯಾಗಿ ಎದ್ದು, ರಾತ್ರಿಯಿಡೀ ಮುಚ್ಚಿಟ್ಟಾಗ ಮಾತ್ರ ನಿಂತುಹೋದರೆ ಅದು ನಿದ್ದೆಯಿಂದ ಹೈಬರ್ನೇಟ್‌ಗೆ ಜಾರಿರಬಹುದು. ಹೈಬರ್ನೇಟ್‌ನಲ್ಲಿ ರ‍್ಯಾಮ್‌ನಲ್ಲಿದ್ದದ್ದನ್ನು ಯಂತ್ರ ಎಸ್‌ಎಸ್‌ಡಿಗೆ ಬರೆದುಕೊಳ್ಳುತ್ತದೆ, ಹಾಗಾಗಿ ಎಸ್‌ಎಸ್‌ಡಿಯನ್ನೂ ಪರೀಕ್ಷಿಸಿ. ಡಾಕ್, ಎರಡನೆಯ ಮಾನಿಟರ್ ಕಳಚಿಟ್ಟು ಒಮ್ಮೆ ನೋಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಇಲ್ಲವಾದರೆ ಯಾವುದರಿಂದ ಸರಿಹೋಯಿತೆಂದೇ ತಿಳಿಯುವುದಿಲ್ಲ.

ಬಯಾಸ್ ಅಪ್‌ಡೇಟ್‌ನಿಂದಲೂ ಈ ತೊಂದರೆ ಬಗೆಹರಿಯುವುದುಂಟು. ತಯಾರಕರ ವೆಬ್‌ಸೈಟಿನಿಂದಲೇ ತೆಗೆದುಕೊಳ್ಳಿ. ಬ್ಯಾಟರಿ ಭರ್ತಿಯಾಗಿರಲಿ, ಚಾರ್ಜರೂ ಸಿಕ್ಕಿಸಿರಲಿ. ಮಳೆಗಾಲದ ಸಂಜೆ ಬಸವನಗುಡಿಯಲ್ಲಿ ಕರೆಂಟ್ ಹೋಗುವುದು ಹೊಸದೇನಲ್ಲ, ಅರ್ಧಕ್ಕೆ ನಿಂತ ಬಯಾಸ್ ಅಪ್‌ಡೇಟ್ ಮದರ್‌ಬೋರ್ಡನ್ನೇ ಬಲಿ ತೆಗೆದುಕೊಳ್ಳಬಹುದು.

ಇಷ್ಟಾದರೂ ಸರಿಹೋಗದಿದ್ದರೆ ರಿಪೇರಿಗೆ ಕೊಡಿ. ವಾರಂಟಿ ಇದ್ದರೆ ಎಲ್ಲೂ ಬಿಚ್ಚಿಸದೆ ಕಂಪನಿಯ ಸರ್ವಿಸ್ ಸೆಂಟರಿಗೇ ಒಯ್ಯಿರಿ. ಕೊಡುವ ಮುನ್ನ ಫೈಲುಗಳನ್ನೆಲ್ಲ ಬೇರೆ ಡಿಸ್ಕಿಗೆ ನಕಲು ಮಾಡಿ. ಅಲ್ಲಿಯವರೆಗೂ ಮುಚ್ಚಳ ಮುಚ್ಚುವ ಮುಂಚೆ ಕೆಲಸವನ್ನು ಸೇವ್ ಮಾಡಲು ಮರೆಯಬೇಡಿ.